ಮೈಸೂರಿನಿಂದ ಸಂಗಮಕ್ಕೆ ಸೈಕಲ್ ರೈಡ್: ಮೊದಲು ಕೊನೆಯವರನ್ನು ಆರಿಸಿ

ಸೈಕಲ್ ಕ್ಲಬ್‌ನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ‘ಭಾನುವಾರ ರೈಡ್ ಇದೆ, ಬನ್ನಿ’ ಅಂತ ಹಾಕುವುದು ಸುಲಭ. ಬಂದ ಹದಿನೈದು ಜನರನ್ನೂ ಸುತ್ತಾಡಿಸಿ ಮತ್ತೆ ಮನೆ ಸೇರಿಸುವುದು ಬೇರೆಯೇ ಕೆಲಸ. ಮೈಸೂರಿನಲ್ಲಿ ಹೊಸಬರು ಜೊತೆಗಿದ್ದರೆ ನಾನು ಹಿಡಿಯುವ ದಾರಿ ಇದು: ಕೆಆರ್‌ಎಸ್ ರಸ್ತೆ, ಬೆಳಗೊಳ, ಪಾಲಹಳ್ಳಿ, ರಂಗನತಿಟ್ಟು, ಶ್ರೀರಂಗಪಟ್ಟಣ, ಸಂಗಮ, ಮತ್ತೆ ಮೈಸೂರು. ಹೆಚ್ಚುಕಡಿಮೆ 50 ಕಿ.ಮೀ.

ವಾರ ಮುಂಚೆ ಒಮ್ಮೆ ಸುತ್ತಿ ಬನ್ನಿ

ಮ್ಯಾಪ್ ನೋಡಿದರೆ ಸಾಲದು. ಬಣ್ಣ ಬಳಿಯದ ಹಂಪ್ ಮ್ಯಾಪಿನಲ್ಲಿ ಕಾಣುವುದಿಲ್ಲ. ಸುಗ್ಗಿ ಕಾಲದಲ್ಲಿ ರಸ್ತೆ ಮೇಲೆ ಒಕ್ಕಣೆಗೆ ಹರಡಿದ ಹುರುಳಿ, ರಾಗಿ ಹುಲ್ಲೂ ಕಾಣುವುದಿಲ್ಲ. ಈ ಹುಲ್ಲಿನ ಬಗ್ಗೆ ಹೊಸಬರಿಗೆ ಹೇಳಲೇಬೇಕು. ನೋಡಲು ಮೆತ್ತಗಿರುತ್ತದೆ, ಆದರೆ ಚೈನಿಗೂ ಗೇರಿಗೂ ಸುತ್ತಿಕೊಂಡರೆ ಬಿಡಿಸಲು ಕಾಲು ಗಂಟೆ ಬೇಕು. ಇಳಿದು ತಳ್ಳಿಕೊಂಡು ಹೋಗುವುದೇ ವಾಸಿ. ಅದು ರೈತರ ಫಸಲು ಕೂಡ, ಅಲ್ವಾ?

ಇನ್ನೊಂದು ವಿಷಯ ಎತ್ತರ. ಮೈಸೂರು ಶ್ರೀರಂಗಪಟ್ಟಣಕ್ಕಿಂತ ಸುಮಾರು 80 ಮೀಟರ್ ಮೇಲಿದೆ. ಹೋಗುವಾಗ ಸೈಕಲ್ ತಾನಾಗಿಯೇ ಓಡುತ್ತದೆ, ‘ನಾನು ಇಷ್ಟು ಫಾಸ್ಟಾ!’ ಅಂತ ಎಲ್ಲರಿಗೂ ಅನಿಸುತ್ತದೆ. ಏರು ಸಿಗುವುದು ವಾಪಸ್ ಬರುವಾಗ, ಬಿಸಿಲೇರಿದ ಮೇಲೆ. ಅದಕ್ಕೇ ಬೆಳಿಗ್ಗೆ 6 ಗಂಟೆಗೆ ಹೊರಡಬೇಕು. 7 ಅಂದರೆ 7.30 ಆಗುತ್ತದೆ.

ಹಿಂದಿನ ರಾತ್ರಿ ಸೈಕಲ್ ನೋಡಿ

ಎರಡೂ ಬ್ರೇಕ್ ಹಿಡಿದು ಸೈಕಲನ್ನು ಮುಂದಕ್ಕೆ ತಳ್ಳಿ. ಚಕ್ರ ಉರುಳಿದರೆ ಬ್ರೇಕ್ ಬಿಗಿ ಮಾಡಿಸಿ. ಚೈನಿಗೆ ಎಣ್ಣೆ ಬಿಟ್ಟು, ಹೆಚ್ಚಾದದ್ದನ್ನು ಬಟ್ಟೆಯಲ್ಲಿ ಒರೆಸಿ. ಗಾಳಿ ಎಷ್ಟು ಹಿಡಿಯುತ್ತದೆ ಅನ್ನುವುದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಹೊಸಬರ ಸೈಕಲ್ ಸಾಮಾನ್ಯವಾಗಿ ಗಾಳಿ ಕಡಿಮೆಯಾಗಿ ಭಾರ ಎಳೆಯುತ್ತಿರುತ್ತದೆ, ಅವರು ಪಾಪ ತಮ್ಮ ಕಾಲನ್ನು ಬೈದುಕೊಳ್ಳುತ್ತಾರೆ. ತಮ್ಮ ಸೈಕಲಿನ ಅಳತೆಯ ಒಂದು ಟ್ಯೂಬ್ ಪ್ರತಿಯೊಬ್ಬರ ಹತ್ತಿರವೂ ಇರಲಿ. ಪಂಪ್ ಗುಂಪಿಗೆ ಎರಡಿದ್ದರೆ ಸಾಕು. ಹೆಲ್ಮೆಟ್ ಇಲ್ಲದವರನ್ನು ಕರೆದುಕೊಂಡು ಹೋಗಬೇಡಿ. ಈ ವಿಷಯದಲ್ಲಿ ದಾಕ್ಷಿಣ್ಯ ಬೇಡ.

ಲೀಡ್‌ಗಿಂತ ಸ್ವೀಪ್ ಮುಖ್ಯ

ಮುಂದೆ ಹೋಗುವವರು ಲೀಡ್, ಎಲ್ಲರಿಗಿಂತ ಹಿಂದೆ ಬರುವವರು ಸ್ವೀಪ್. ಲೀಡ್ ಆಗಲು ಎಲ್ಲರೂ ತಯಾರು. ಆದರೆ ಗುಂಪಿನಲ್ಲಿ ಗಟ್ಟಿ ಕಾಲಿನ, ಪಂಕ್ಚರ್ ಹಾಕಲು ಬರುವ, ಮುಖ್ಯವಾಗಿ ತಾಳ್ಮೆಯಿರುವ ಒಬ್ಬರನ್ನು ಸ್ವೀಪ್‌ಗೆ ಮೊದಲೇ ಒಪ್ಪಿಸಿಕೊಳ್ಳಿ. ಅವರು ಯಾವ ಕಾರಣಕ್ಕೂ ಯಾರನ್ನೂ ದಾಟಿ ಮುಂದೆ ಹೋಗುವಂತಿಲ್ಲ.

ನಾನಿದನ್ನು ಕಲಿತದ್ದು ಕೆಆರ್‌ಎಸ್ ರಸ್ತೆಯ ಪಂಪ್‌ಹೌಸ್ ಹತ್ತಿರ. ಅಲ್ಲಿ ಬಲಕ್ಕೆ ತಿರುಗಿದರೆ ಪಾಲಹಳ್ಳಿ, ನೇರ ಹೋದರೆ ಕೆಆರ್‌ಎಸ್. ಆಗ ನಮ್ಮದು ಸ್ವೀಪ್ ಇಲ್ಲದ ಗುಂಪು. ರಂಗನತಿಟ್ಟಿನ ಹತ್ತಿರ ತಲೆ ಎಣಿಸಿದರೆ ಒಬ್ಬರು ಕಡಿಮೆ. ಸ್ವಲ್ಪ ಹೊತ್ತಿಗೆ ಫೋನ್ ಬಂತು: ‘ಸರ್, ನಾನು ಬೃಂದಾವನ ಗೇಟ್ ಮುಂದೆ ಇದ್ದೀನಿ, ನೀವೆಲ್ಲಿ?’

ಈಗ ನಾವು ಮಾಡುವುದು ಹೀಗೆ. ತಿರುವು ಬಂದಾಗ ಲೀಡ್ ಕೈ ತೋರಿಸುತ್ತಾರೆ. ಅವರ ಹಿಂದೆಯೇ ಇದ್ದವರು ಅಲ್ಲಿ ಪಕ್ಕಕ್ಕೆ ನಿಂತು ಬರುವವರಿಗೆಲ್ಲ ದಾರಿ ತೋರಿಸುತ್ತಾರೆ. ಸ್ವೀಪ್ ಕಾಣಿಸಿದ ಮೇಲೆ ಹೊರಟು, ಸ್ವೀಪ್‌ಗಿಂತ ಮುಂದೆ ಸೇರಿಕೊಳ್ಳುತ್ತಾರೆ. ಮುಂದಿನ ತಿರುವಿನಲ್ಲಿ ಇನ್ನೊಬ್ಬರ ಸರದಿ. ದಾರಿ ಯಾರಿಗೂ ಬಾಯಿಪಾಠ ಆಗಬೇಕಿಲ್ಲ. ವೇಗದವರಿಗೂ ಸುಮ್ನೆ ನಿಲ್ಲುವ ಕೆಲಸ ಸಿಗುತ್ತದೆ.

ರಸ್ತೆಯ ಮೇಲೆ

ಮೇಟಗಳ್ಳಿ ದಾಟುವವರೆಗೆ ಒಬ್ಬರ ಹಿಂದೆ ಒಬ್ಬರು. ಹರಟೆಗೆ ಮುಂದೆ ಬೇಕಾದಷ್ಟು ದಾರಿ ಇದೆ. ಹೊಂಡ ಕಂಡವರು ‘ಹೊಂಡ’ ಅಂತ ಕೂಗಲಿ, ಹಿಂದಿನವರು ಅದನ್ನು ದಾಟಿಸಲಿ. ಬೆಳಗೊಳದ ಹೊತ್ತಿಗೆ ಕಾರ್ಖಾನೆಗಳು ಹಿಂದೆ ಬಿದ್ದು ಗದ್ದೆ, ಕಬ್ಬು ಶುರು. ಯಾರಿಗೂ ಗೊತ್ತಾಗದಂತೆ ಮಂಡ್ಯ ಜಿಲ್ಲೆಗೆ ಬಂದಿರುತ್ತೀರಿ. ಕಬ್ಬಿನ ಟ್ರ್ಯಾಕ್ಟರನ್ನು ಓವರ್‌ಟೇಕ್ ಮಾಡುವ ಸಾಹಸ ಬೇಡ. ಲೋಡು ಎರಡೂ ಪಕ್ಕ ಹೊರಗೆ ಚಾಚಿರುತ್ತದೆ. ನಾಯಿ ಅಟ್ಟಿಸಿಕೊಂಡು ಬಂದರೆ ಇಳಿದು, ಸೈಕಲನ್ನು ಅಡ್ಡ ಇಟ್ಟುಕೊಂಡು ನಡೆಯಿರಿ. ಓಟ ನಿಂತರೆ ಅದಕ್ಕೂ ಆಸಕ್ತಿ ಹೋಗುತ್ತದೆ.

ನೀರು ಗಂಟೆಗೆ ಅರ್ಧ ಲೀಟರ್ ಲೆಕ್ಕ. ಬಾಳೆಹಣ್ಣು, ಕಡಲೆಮಿಠಾಯಿ ಜೇಬಿನಲ್ಲಿರಲಿ. ಶ್ರೀರಂಗಪಟ್ಟಣದಲ್ಲಿ ತಿಂಡಿ ಇಡ್ಲಿಗೆ ನಿಲ್ಲಲಿ. ಮಸಾಲೆದೋಸೆ ತಿಂದವರು ವಾಪಸ್ ಏರಿನಲ್ಲಿ ಪಶ್ಚಾತ್ತಾಪ ಪಟ್ಟಿದ್ದನ್ನು ನೋಡಿದ್ದೇನೆ. ರಂಗನತಿಟ್ಟಿಗೆ ಒಳಗೆ ಹೋಗುವುದಾದರೆ ದೋಣಿಗೂ ಸೇರಿಸಿ ಒಂದು ಗಂಟೆ ಇಟ್ಟುಕೊಳ್ಳಿ. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆಯಿಂದ ಪಕ್ಷಿಧಾಮವಾದ ಜಾಗ ಅದು, ಹತ್ತು ನಿಮಿಷದಲ್ಲಿ ನೋಡಿ ಬರುವಂಥದ್ದಲ್ಲ.

ಗಂಜಾಂ, ಗುಂಬಜ್ ದಾಟಿದರೆ ಸಂಗಮ. ದ್ವೀಪದ ತುದಿಯಲ್ಲಿ ಕಾವೇರಿಯ ಎರಡು ಕವಲು ಮತ್ತೆ ಕೂಡುತ್ತವೆ. ಬೆವರಿದ ಮೈಗೆ ನೀರು ಕರೆಯುತ್ತದೆ. ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಡಬಹುದು, ಇಳಿದು ಈಜುವುದು ಬೇಡ. ಮೇಲೆ ಶಾಂತವಾಗಿ ಕಂಡರೂ ಒಳಗೆ ಸೆಳೆತ ಇರುತ್ತದೆ. ಇದನ್ನು ಹೊರಡುವ ಮೊದಲೇ ಹೇಳಿಬಿಡಿ. ಅಲ್ಲಿ ಹೋಗಿ ಹೇಳಿದರೆ ಯಾರೂ ಕೇಳುವುದಿಲ್ಲ.

ವಾಪಸ್

ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್ ಹೋಗುವಂತಿಲ್ಲ. ಸೈಕಲ್ಲಂತೂ ಇಲ್ಲವೇ ಇಲ್ಲ. ಸರ್ವಿಸ್ ರಸ್ತೆಯಲ್ಲೇ ಬನ್ನಿ. ಎದುರಿನಿಂದ ತಪ್ಪು ದಿಕ್ಕಿನಲ್ಲಿ ಬರುವ ಬೈಕುಗಳು ಜಾಸ್ತಿ, ಸಾಲು ಬಿಡಬೇಡಿ. ಏರು ಶುರುವಾಗುವ ಮುಂಚೆ ಒಮ್ಮೆ ಎಳನೀರು. ಇಲ್ಲಿ ಗುಂಪು ಎಳೆದೆಳೆದು ಉದ್ದವಾಗುತ್ತದೆ. ಲೀಡ್ ನಾಲ್ಕೈದು ಕಿ.ಮೀ.ಗೆ ಒಮ್ಮೆ ನೆರಳಿನಲ್ಲಿ ನಿಲ್ಲಿಸಿ, ಕೊನೆಯವರು ಬಂದ ತಕ್ಷಣ ಹೊರಡದೆ ಅವರಿಗೂ ಐದು ನಿಮಿಷ ಉಸಿರು ಬಿಡಲು ಕೊಡಬೇಕು. ತಡವಾಗಿ ಬಂದವರಿಗೇ ವಿಶ್ರಾಂತಿ ಇಲ್ಲದಿದ್ದರೆ ಹೇಗೆ?

ಊರು ಮುಟ್ಟಿದ ಮೇಲೆ ಒಬ್ಬೊಬ್ಬರೂ ತಮ್ಮ ಬಡಾವಣೆಯ ಕಡೆ ಕಳಚಿಕೊಳ್ಳುತ್ತಾರೆ. ಬೆಳಿಗ್ಗೆ ಬರೆದುಕೊಂಡ ಹೆಸರಿನ ಪಟ್ಟಿ ಸ್ವೀಪ್ ಹತ್ತಿರ ಇರಲಿ. ಮನೆ ಸೇರಿದವರು ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕಿದ ಹಾಗೆ ಅವರು ಟಿಕ್ ಹಾಕುತ್ತಾ ಹೋಗಲಿ. ಒಂದು ಹೆಸರು ಯಾವಾಗಲೂ ಉಳಿಯುತ್ತದೆ. ಫೋನ್ ಮಾಡಿದರೆ ಅವರು ಊಟ ಮುಗಿಸಿ ಮಲಗಿರುತ್ತಾರೆ.