ಸ್ವಂತ ಊರಲ್ಲೇ ಕ್ಷೇತ್ರಕಾರ್ಯ: ಮುಯ್ಯಿ ಪುಸ್ತಕಗಳ ಹಿಂದೆ ಬಿದ್ದ ನನ್ನ ಅನುಭವ

ಸಂಶೋಧನೆಯ ಕ್ಷೇತ್ರಕಾರ್ಯಕ್ಕೆ ಸ್ವಂತ ಊರಿಗೆ ಹೋಗಬೇಡ ಅಂತ ವಿಶ್ವವಿದ್ಯಾಲಯದ ನಮ್ಮ ವಿಭಾಗದಲ್ಲಿ ಹೇಳದವರೇ ಇರಲಿಲ್ಲ. ಮಂಡ್ಯ ಸೀಮೆಯ ಒಕ್ಕಲಿಗರ ಹುಡುಗ ತನ್ನೂರಿನ ಮದುವೆ ಮುಯ್ಯಿ (ಮದುವೆಗೆ ಹಾಕಿ, ಮುಂದೆ ಅವರೂ ತಿರುಗಿ ಹಾಕುವ ಕಾಣಿಕೆ) ಬಗ್ಗೆ ಬರೆದರೆ ಅದು ಮನೆಪುರಾಣವಾಗುತ್ತೆ ಅಂದರು. ಈಗ ನನ್ನ ಹತ್ತಿರ ಯಾರು ಎಷ್ಟು ಹಾಕಿದರು ಅಂತ ಬರೆದಿಡುವ ಮುಯ್ಯಿ ಪುಸ್ತಕದ ಫೋಟೊಗಳು ಸುಮಾರು ನಲವತ್ತು ಮನೆಗಳವು ಇವೆ. ಹೊರಗಿಂದ ಬಂದವರು ಇದರ ಕಾಲುಭಾಗ ತರಲಿ ನೋಡೋಣ.

ಮೊದಲ ಆರೇಳು ತಿಂಗಳು ಮಾತ್ರ ದಂಡ. ಏನು ಕೇಳಿದರೂ ‘ಯಾಕ್ಲಾ, ನಿಂಗೊತ್ತಿಲ್ವಾ? ನಿಮ್ಮಪ್ಪನ್ನ ಕೇಳೋಗು’ ಅನ್ನೋರು. ಸರಿ, ಹೊರಗಿನವನೇ ಆಗೋಣ ಅಂತ ಕೊರಳಿಗೆ ಐಡಿ ಕಾರ್ಡ್ ನೇತುಹಾಕಿ, ವಿಶ್ವವಿದ್ಯಾಲಯದ ಪತ್ರ ಹಿಡಿದು ಹೋದೆ. ಬಿಪಿಎಲ್ ಕಾರ್ಡ್ ರದ್ದು ಮಾಡೋಕೆ ಬಂದವನೆ ಅಂತ ಸಂಜೆಯೊಳಗೆ ಸುದ್ದಿ. ಪುಸ್ತಕಗಳೆಲ್ಲ ಅಟ್ಟ ಸೇರಿದವು.

ದಾರಿ ತೆರೆದದ್ದು ಶಿರಸಿ ಕಡೆಯ ಗೆಳೆಯನಿಂದ. ಅವನನ್ನು ಜೊತೆಗೆ ಕರಕೊಂಡು ಮನೆಮನೆಗೆ ಹೋದೆ. ಪೆದ್ದು ಪ್ರಶ್ನೆಗಳೆಲ್ಲ ಅವನವು, ನಾನು ಬಾಯಿಬಿಡುವಂತಿಲ್ಲ. ‘ಮುಯ್ಯಿ ವಾಪಸ್ ಹಾಕದಿದ್ರೆ ಏನಾಗ್ತದೆ?’ ಅಂತ ಅವನು ಕೇಳಿದರೆ ಹಿರಿಯರು ಗಂಟೆಗಟ್ಟಲೆ ಪಾಠ ಮಾಡಿ, ನನ್ನ ಕಡೆ ತಿರುಗಿ ‘ಅಲ್ವೇನಪ್ಪ?’ ಅನ್ನೋರು. ರಾತ್ರಿ ಇಬ್ಬರೂ ಬೇರೆ ಬೇರೆ ಟಿಪ್ಪಣಿ ಬರೆದು ಬೆಳಿಗ್ಗೆ ಹೋಲಿಸುತ್ತಿದ್ದೆವು. ಛತ್ರದಲ್ಲಿ ಮುಯ್ಯಿ ಬರೆಯೋ ಮೇಜಿಗೆ ಯಾರನ್ನು ಕೂರಿಸ್ತಾರೆ ಅನ್ನೋದನ್ನು ಅವನು ಎರಡು ಪುಟ ಬರೆದಿದ್ದ. ನನ್ನಲ್ಲಿ ಒಂದಕ್ಷರ ಇರಲಿಲ್ಲ. ಪ್ರಬಂಧದ ಮೂರನೇ ಅಧ್ಯಾಯ ಹುಟ್ಟಿದ್ದೇ ಆ ಮೇಜಿನ ಮೇಲೆ.

ದಲಿತರ ಕೇರಿಯಲ್ಲಿ ಈ ಜೋಡಿ ಆಟ ನಡೆಯಲಿಲ್ಲ. ಅಲ್ಲಿ ನಾನು ಒಳಗಿನವನೂ ಅಲ್ಲ, ಹೊರಗಿನವನೂ ಅಲ್ಲ, ಗೌಡರ ಮಗ ಅಷ್ಟೆ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು 1948ರಲ್ಲಿ ತಾವು ಅಧ್ಯಯನ ಮಾಡಿದ ರಾಮಪುರ ಅನ್ನೋ ಹಳ್ಳಿಯ ಮುಖಂಡನ ಎತ್ತಿನ ಮನೆಯಲ್ಲಿ ಬಿಡಾರ ಹೂಡಿದ್ದರಲ್ಲ, ಯಾರ ಜಗಲಿಯಿಂದ ನೋಡ್ತೀವೋ ಅಷ್ಟೇ ಊರು ಕಾಣೋದು. ಅದಕ್ಕೇ ಗೌಡರ ಮನೆ ಬಿಟ್ಟು ಹೋಬಳಿ ಪೇಟೆಯಲ್ಲಿ ಮೂರೂವರೆ ಸಾವಿರಕ್ಕೆ ರೂಮು ಹಿಡಿದೆ. ಅವ್ವ ತಿಂಗಳು ಮಾತು ಬಿಟ್ಟಳು. ಬೆಳಿಗ್ಗೆ ಬಸ್ಸಿಳಿದು ಮೊದಲು ಕೇರಿಗೇ ಹೋಗುತ್ತಿದ್ದೆ, ಅಲ್ಲೇ ಊಟ. ಕೇರಿಯ ಪುಸ್ತಕಗಳು ಹೇಗೆ ಸಿಕ್ಕವು ಅನ್ನೋದು ಈಗ ಬೇಡ, ಇನ್ನೊಂದು ಸುತ್ತು ಬಾಕಿ ಇದೆ.

ಇನ್ನು ದುಡ್ಡು. ಫೆಲೋಶಿಪ್ ಯಾವತ್ತೂ ಹೊತ್ತಿಗೆ ಬರಲಿಲ್ಲ. ಊರಿನವನಾದ ಮೇಲೆ ಮುಯ್ಯಿ ಹಾಕಲೇಬೇಕು: ಸಾಮಾನ್ಯರಿಗೆ ಐನೂರ ಒಂದು, ನೆಂಟರಿಗೆ ಸಾವಿರದ ಮೇಲೆ ಬಟ್ಟೆ. ಎರಡು ವರ್ಷದಲ್ಲಿ ಅರವತ್ತು ಸಾವಿರದ ಹತ್ತಿರ ಹೋಯಿತು. ರಸೀದಿ ಇಲ್ಲದ ಖರ್ಚು, ಯಾವ ಬಿಲ್ಲಿಗೂ ಸೇರದು. ಆದರೆ ಹೆಸರು ಬಿದ್ದ ಮೇಲೆ ‘ನಂದು ಬರ್ಕೊಂಡಿದ್ದೀರಾ, ನೋಡಣ’ ಅಂದರೆ ಪುಸ್ತಕ ತೆಗೆಯದ ಮನೆ ಇಲ್ಲ.

ನಡುವೆ ಇನ್ನೊಂದು ಹುಚ್ಚಾಟ. ಹೆಂಗಸರ ಸೀರೆ, ಕುಪ್ಪಸದ ಲೆಕ್ಕ ಪುಸ್ತಕದಲ್ಲಿರಲ್ಲ, ಬಾಯಲ್ಲಿರುತ್ತೆ. ಇಬ್ಬರು ಪಿಯುಸಿ ಹುಡುಗಿಯರಿಗೆ ಫೋನ್ ಕೊಟ್ಟು ಅಜ್ಜಿಯರ ಮಾತು ರೆಕಾರ್ಡ್ ಮಾಡಿಸಿದೆ. ಮುಕ್ಕಾಲುಪಾಲು ಧಾರಾವಾಹಿ ಕಥೆ. ಉಳಿದ ಕಾಲುಪಾಲಿನಲ್ಲಿ ಒಂದೇ ಸೀರೆ ನಾಲ್ಕು ಮದುವೆ ಸುತ್ತಿ ಕೊಟ್ಟವಳ ಪೆಟ್ಟಿಗೆಗೇ ಮರಳಿದ ದಾಖಲೆ ಇದೆ.

ಬೇಡ ಅಂದಿದ್ದ ಮಾರ್ಗದರ್ಶಕರೇ ಈ ಸಲ ಇಬ್ಬರು ಕಿರಿಯರನ್ನು ನನ್ನ ಹತ್ತಿರ ಕಳಿಸಿದ್ದಾರೆ. ಮೊದಲು ಮುಯ್ಯಿಗೆ ದುಡ್ಡು ಹೊಂದಿಸಿಕೊಳ್ಳಿ, ಆಮೇಲೆ ಪ್ರಶ್ನಾವಳಿ ಅಂದಿದ್ದೇನೆ.