ರಬ್ಬಿಯವರ ಮೂರು ಲೆಡ್ಜರುಗಳು: ನನ್ನ ಅನುಭವ

ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಬರೋ ಪಾರ್ಕಿನಲ್ಲಿ ನಾನು ಹಲವು ವರ್ಷ ಒಬ್ಬ ರಬ್ಬಿಯವರ, ಎಂದರೆ ಯೆಹೂದಿ ಧರ್ಮಗುರುವಿನ, ಲೆಕ್ಕಪತ್ರ ನೋಡಿಕೊಂಡೆ. ಶಾಸ್ತ್ರ ಓದಿ ರಬ್ಬಿಯ ಪದವಿ ಪಡೆದಿದ್ದರೂ ಅವರು ಯಾವ ಸಿನಗಾಗಿನ (ಯೆಹೂದಿ ಪ್ರಾರ್ಥನಾಮಂದಿರದ) ಸಂಬಳವನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಧರ್ಮಗ್ರಂಥವಾದ ತೋರಾವನ್ನು ನೆಲ ಅಗೆಯುವ ಗುದ್ದಲಿ ಮಾಡಿಕೊಳ್ಳಬಾರದೆಂಬ ಹಳೆಯ ಮಾತನ್ನು ಅಕ್ಷರಶಃ ಪಾಲಿಸುವವರು. ಹೊಟ್ಟೆಪಾಡಿಗೆ ಬಟ್ಟೆಯ ಸಗಟು ವ್ಯಾಪಾರವಿತ್ತು. ಅದರ ಜೊತೆಗೆ ಬಡವರಿಗೂ ಕೈದಿಗಳ ಮನೆಯವರಿಗೂ ನೆರವಾಗುವ ಒಂದು ದತ್ತಿಸಂಸ್ಥೆಯನ್ನು ನಡೆಸುತ್ತಿದ್ದರು, ಸೆರೆಮನೆ ಕಾನೂನು ಬದಲಾಗಬೇಕೆಂದು ವಾಷಿಂಗ್ಟನ್ನಿಗೆ ಓಡಾಡುತ್ತಿದ್ದರು. ಸೆರೆಯಾಳುಗಳನ್ನು ಬಿಡಿಸುವುದಕ್ಕಿಂತ ದೊಡ್ಡ ಧರ್ಮಕಾರ್ಯವಿಲ್ಲವೆಂದು ಮಧ್ಯಯುಗದ ಯೆಹೂದಿ ಪಂಡಿತ ಮೈಮೊನಿಡೀಸ್ ಹೇಳಿರುವುದರಿಂದ ಅವರ ಮಟ್ಟಿಗೆ ಇದೆಲ್ಲ ಒಂದೇ ಕೆಲಸವಾಗಿತ್ತು. ಲೆಕ್ಕ ಬರೆಯುವವನು ಹಾಗೆ ಭಾವಿಸಿದರೆ ಕೆಟ್ಟ.

ಆದ್ದರಿಂದ ನಾನು ಮೊದಲು ಮೂರು ಬ್ಯಾಂಕ್ ಖಾತೆ, ಮೂರು ಲೆಡ್ಜರು ತೆರೆದೆ. ಒಂದನೆಯದು ವ್ಯಾಪಾರದ್ದು. ಅದರ ನಿವ್ವಳ ಲಾಭದಿಂದ ಅವರ ಕೈಗೆ ಬಂದದ್ದರಲ್ಲಿ ಹತ್ತನೆಯ ಒಂದು ಪಾಲು, ಅವರ ಮಾತಿನಲ್ಲಿ 'ಮಾಸೆರ್', ತಿಂಗಳ ಕೊನೆಗೆ ದತ್ತಿಯ ಖಾತೆಗೆ ಹೋಗುತ್ತಿತ್ತು. ಐದನೆಯ ಒಂದು ಪಾಲನ್ನು ಮೀರಿ ಕೊಟ್ಟು ತಾನೇ ಕೈಚಾಚುವ ಸ್ಥಿತಿಗೆ ಬರಬಾರದೆಂದು ಯೆಹೂದಿ ಶಾಸ್ತ್ರಗ್ರಂಥವಾದ ತಾಲ್ಮುದ್ ಮಿತಿ ಹಾಕಿದೆಯೆಂಬುದು ನನಗೆ ತಿಳಿದದ್ದು ಅಲ್ಲಿಯೇ. ವಾಷಿಂಗ್ಟನ್ ಖರ್ಚನ್ನು ಈ ಹತ್ತನೆಯ ಪಾಲಿನಿಂದ ತೆಗೆಯಬಹುದೇ ಎಂದು ಒಮ್ಮೆ ಕೇಳಿದೆ. ಅದು ಬಡವರ ಹಣ, ನನ್ನದಲ್ಲ ಎಂದರು.

ದತ್ತಿಯ ಲೆಡ್ಜರು ಎಲ್ಲಕ್ಕಿಂತ ವಿಚಿತ್ರವಾದದ್ದು, ಏಕೆಂದರೆ ದಾನದ ಮಾತು ಹೆಚ್ಚಾಗಿ ಬರುತ್ತಿದ್ದುದು ಶನಿವಾರ ಬೆಳಿಗ್ಗೆ ಸಿನಗಾಗಿನಲ್ಲಿ. ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗಿನ ವಿಶ್ರಾಂತಿಯ ದಿನವಾದ ಶಬ್ಬಾತಿನಲ್ಲಿ ಬರೆಯುವಂತಿಲ್ಲ, ಹಣ ಮುಟ್ಟುವಂತಿಲ್ಲ. ಹೆಸರು ಮೊದಲೇ ಅಚ್ಚಾದ ಕಾರ್ಡಿನ ಅಂಚಿನಲ್ಲಿ 18, 36, 180 ಎಂಬ ಮೊತ್ತಗಳಿದ್ದ ಸಣ್ಣ ಕಾಗದದ ಪಟ್ಟಿಗಳಿರುತ್ತಿದ್ದವು. ದಾನಿ ತನ್ನ ಮೊತ್ತದ ಪಟ್ಟಿಯನ್ನು ಮಡಚಿ ಕೊಡುತ್ತಿದ್ದ. ಹೀಬ್ರೂ ಅಕ್ಷರಗಳಿಗೆ ಸಂಖ್ಯಾಬೆಲೆ ಇರುವುದರಿಂದ 'ಜೀವ' ಎಂಬ ಪದ 18 ಆಗುತ್ತದೆ, ಹಾಗಾಗಿ ಮೊತ್ತಗಳೆಲ್ಲ ಅದರ ಮಡಿಗಳು; ನಮ್ಮ 101 ರೂಪಾಯಿಯ ಮುಯ್ಯಿ ನೆನಪಾಗುತ್ತಿತ್ತು. ಭಾನುವಾರ ನಾನು ಕಾರ್ಡುಗಳನ್ನು ಬಿಡಿಸಿ ಪಟ್ಟಿ ಮಾಡುತ್ತಿದ್ದೆ. ಆದರೆ ಮಾತು ಕೊಟ್ಟದ್ದು ತೆರಿಗೆಯ ದೃಷ್ಟಿಯಲ್ಲಿ ದಾನವಲ್ಲ, ಚೆಕ್ಕು ಬಂದ ಮೇಲೆಯೇ ರಸೀದಿ. 250 ಡಾಲರು ಮತ್ತು ಅದಕ್ಕೆ ಮೇಲ್ಪಟ್ಟ ದಾನಕ್ಕೆ ಲಿಖಿತ ಸ್ವೀಕೃತಿಯಿಲ್ಲದಿದ್ದರೆ ದಾನಿಗೆ ವಿನಾಯಿತಿಯೇ ಇಲ್ಲ.

ಮೂರನೆಯದು ಕಾನೂನು ಬದಲಾವಣೆಗೆಂದೇ ನೋಂದಾಯಿಸಿದ ಬೇರೆ ಸಂಸ್ಥೆಯದು. ಅದಕ್ಕೆ ಕೊಟ್ಟ ಹಣಕ್ಕೆ ವಿನಾಯಿತಿ ಸಿಗುವುದಿಲ್ಲವಾದ್ದರಿಂದ ಅಲ್ಲಿ ಸದಾ ಬಡತನ. ಅಮೆರಿಕದಲ್ಲಿ ದತ್ತಿಸಂಸ್ಥೆಗಳು ಚುನಾವಣೆಯ ಅಭ್ಯರ್ಥಿಗಳ ಪರ ಅಥವಾ ವಿರುದ್ಧ ನಿಲ್ಲುವುದನ್ನು 1954ರಿಂದ ನಿಷೇಧಿಸಲಾಗಿದೆ. ಮಸೂದೆಗಳ ಬಗ್ಗೆ ಮಾತಾಡಬಹುದು, ಆದರೆ ಮಿತಿಯೊಳಗೆ: 1976ರ ಕಾಯಿದೆಯ ಸೌಲಭ್ಯ ಆಯ್ದುಕೊಂಡರೆ ವಾರ್ಷಿಕ ಖರ್ಚಿನ ಮೊದಲ 5 ಲಕ್ಷ ಡಾಲರಿಗೆ ಶೇಕಡಾ 20. ಸಿನಗಾಗುಗಳಿಗೆ ಈ ಸೌಲಭ್ಯವಿಲ್ಲ. ನಮ್ಮದು ಸಿನಗಾಗು ಅಲ್ಲದ್ದರಿಂದ ಅರ್ಜಿ ಹಾಕಿದೆ.

ನಾನು ಎಡವಿದ್ದೂ ಇಲ್ಲಿಯೇ. 2018ರ ಮೇ ತಿಂಗಳಲ್ಲಿ ಕೈದಿಗಳ ಕುಟುಂಬಗಳನ್ನು ಸೆರೆಮನೆ ಸುಧಾರಣೆಯ 'ಫಸ್ಟ್ ಸ್ಟೆಪ್' ಮಸೂದೆಯ ಪರವಾಗಿ ಸಂಸತ್ ಸದಸ್ಯರ ಕಚೇರಿಗಳಿಗೆ ಕರೆದೊಯ್ದ ಬಸ್ಸಿನ ಬಿಲ್ಲನ್ನು ನಾನು ಸೆರೆಮನೆ ಭೇಟಿಯ ಪ್ರಯಾಣವೆಂದು ದತ್ತಿಯಲ್ಲಿ ಬರೆದುಬಿಟ್ಟಿದ್ದೆ. ಎರಡು ತಿಂಗಳ ಮೇಲೆ ಗೊತ್ತಾಗಿ ಮಿತಿಯ ಕಾಲಮ್ಮಿಗೆ ಎಳೆದು ತಂದೆ. ಮಿತಿ ಮೀರಿರಲಿಲ್ಲ, ನಿದ್ದೆ ಮಾತ್ರ ಹೋಗಿತ್ತು. ಅಂದಿನಿಂದ ಯಾರನ್ನು ಕಂಡಿರಿ, ಏನು ಕೇಳಿದಿರಿ ಎಂದು ಬರೆಯದ ಬಿಲ್ಲಿಗೆ ನಾನು ಚೆಕ್ಕು ಬರೆಯಲಿಲ್ಲ. ರಬ್ಬಿಯವರ ಸಮಯಕ್ಕೂ ಅದೇ ನಿಯಮ. ಗೊಣಗುತ್ತಲೇ ಅವರು ಸಣ್ಣ ಡೈರಿಯೊಂದರಲ್ಲಿ ಗಂಟೆಗಳನ್ನು ಗುರುತಿಸಿ ಪ್ರತಿ ಶುಕ್ರವಾರ ಮಧ್ಯಾಹ್ನ ನನಗೆ ಒಪ್ಪಿಸುತ್ತಿದ್ದರು.

ನಾನು ಮಂಗಳೂರಿನವನೆಂದು ತಿಳಿದ ದಿನ ಅವರು ಬೆನ್ ಯಿಜುವಿನ ಕಥೆ ಹೇಳಿದರು: 12ನೆಯ ಶತಮಾನದಲ್ಲಿ ನಮ್ಮೂರಿನಲ್ಲಿ ನೆಲೆಸಿ ಮೆಣಸು ಸಾಗಿಸಿದ, ಕಂಚಿನ ಪಾತ್ರೆ ಮಾಡಿಸಿದ, ಶಾಸ್ತ್ರವನ್ನೂ ಬಲ್ಲ ಯೆಹೂದಿ ವರ್ತಕ. ಅವನ ಪತ್ರಗಳು ಕೈರೋದ ಗೆನಿಝಾದಲ್ಲಿ, ಎಂದರೆ ಸಿನಗಾಗಿನ ಹಳೆಯ ಕಾಗದಗಳ ಉಗ್ರಾಣದಲ್ಲಿ, ಉಳಿದುಬಂದವು. ಅವನ ವ್ಯವಹಾರ ನೋಡಿಕೊಂಡವನು ಬೊಮ್ಮ. ಕೆಲವು ದಿನ ನನಗೂ ಅದೇ ಹೆಸರಾಯಿತು.

ಮಸೂದೆಗೆ ಅಧ್ಯಕ್ಷರ ಸಹಿ ಬಿದ್ದದ್ದು 2018ರ ಡಿಸೆಂಬರ್ 21ರಂದು. ಸನ್ನಡತೆಗೆ ವರ್ಷಕ್ಕೆ 47 ದಿನದ ಬದಲು 54 ದಿನದವರೆಗೆ ಶಿಕ್ಷೆ ಇಳಿಯಬಹುದೆಂದೂ, ಸಾಧ್ಯವಾದಷ್ಟು ಮಟ್ಟಿಗೆ ಕೈದಿಯನ್ನು ಮನೆಯಿಂದ 500 ಮೈಲಿಯೊಳಗೆ ಇಡಬೇಕೆಂದೂ ಅದರಲ್ಲಿತ್ತು. ಅಂದು ಶುಕ್ರವಾರ, ಸೂರ್ಯ ಮುಳುಗುವವರೆಗೂ ಕುಟುಂಬಗಳ ಫೋನು ನಿಲ್ಲಲಿಲ್ಲ, ಡೈರಿ ನನ್ನ ಕೈ ಸೇರಲಿಲ್ಲ. ಶನಿವಾರ ರಾತ್ರಿ ಮೂರು ನಕ್ಷತ್ರ ಕಂಡು ಶಬ್ಬಾತ್ ಮುಗಿದ ಮೇಲೆ ಅವರು ಆ ವಾರದ ಗಂಟೆಗಳನ್ನು ಕುಳಿತು ಬರೆದು ಕಳಿಸಿದರು.