‘ರನ್’ ಅಂದರೆ ಬರೀ ಓಡುವುದಲ್ಲ: ನೂರಾರು ಅರ್ಥದ ಪದವನ್ನು ಹಿಡಿಯುವುದು ಹೇಗೆ?

‘ರನ್’ ಅಂದರೆ ಓಡು. ಇಂಗ್ಲಿಷ್ ಕಲಿಯುವ ಮೊದಲ ದಿನಗಳಲ್ಲೇ ಈ ಪದ ಬಂದುಬಿಡುತ್ತದೆ. ಆಮೇಲೆ ಯಾರೂ ಅದರ ಕಡೆ ತಿರುಗಿ ನೋಡುವುದಿಲ್ಲ. ಗೊತ್ತಿರುವ ಪದ, ಇನ್ನೇನು ನೋಡುವುದು?

ಒಂದು ದಿನ ‘ಷಿ ರನ್ಸ್ ಎ ಸ್ಕೂಲ್’ ಎಂಬ ವಾಕ್ಯ ಎದುರಾಗುತ್ತದೆ. ಆಕೆ ಶಾಲೆಯನ್ನು ಓಡುತ್ತಾಳೆಯೇ? ‘ದ ಬೇಬಿ ಈಸ್ ರನ್ನಿಂಗ್ ಎ ಟೆಂಪರೇಚರ್.’ ನೆಟ್ಟಗೆ ನಿಲ್ಲಲೂ ಬಾರದ ಮಗು ಏನನ್ನು ಓಡಿಸುತ್ತಿದೆ? ‘ದ ರೋಡ್ ರನ್ಸ್ ಅಲಾಂಗ್ ದ ರಿವರ್.’ ರಸ್ತೆ ಎಲ್ಲಿಗೆ ಓಡುತ್ತದೆ? ಅದು ಇದ್ದಲ್ಲೇ ಬಿದ್ದಿರುತ್ತದೆ ಅಲ್ವಾ?

ಕಷ್ಟದ ಪದಗಳು ನಮ್ಮನ್ನು ಮೋಸ ಮಾಡುವುದಿಲ್ಲ. ಅವು ಗೊತ್ತಿಲ್ಲ ಎಂಬುದು ನಮಗೆ ಗೊತ್ತಿರುತ್ತದೆ, ಹಾಗಾಗಿ ನಿಘಂಟು ತೆಗೆಯುತ್ತೇವೆ. ಕಾಲಿಗೆ ತೊಡರುವುದು ಇಂಥ ಸಣ್ಣ ಪದಗಳೇ.

ಎಷ್ಟು ಸಣ್ಣದು, ಎಷ್ಟು ದೊಡ್ಡದು ಅನ್ನುವುದಕ್ಕೆ ಒಂದು ಲೆಕ್ಕ ಕೇಳಿ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಎರಡನೇ ಆವೃತ್ತಿ ಬಂದದ್ದು 1989ರಲ್ಲಿ, 20 ಸಂಪುಟಗಳಲ್ಲಿ. ಅದರಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ‘ಸೆಟ್’ ಎಂಬ ಪದಕ್ಕೆ. 430 ಅರ್ಥಗಳು, ಸುಮಾರು 60,000 ಪದಗಳ ಬರಹ. ಮೂರನೇ ಆವೃತ್ತಿಯ ಕೆಲಸ ನಡೆಯುತ್ತಿದ್ದಂತೆ ‘ರನ್’ ಅದನ್ನು ಹಿಂದೆ ಹಾಕಿತು. 2011ರಲ್ಲಿ ಸುದ್ದಿಯಾದ ಲೆಕ್ಕದಂತೆ ಕ್ರಿಯಾಪದವಾಗಿ ಮಾತ್ರವೇ ಅದಕ್ಕೆ 645 ಅರ್ಥ. ಅದನ್ನೆಲ್ಲ ಬಿಡಿಸಿಟ್ಟ ಸಂಪಾದಕ ಪೀಟರ್ ಗಿಲಿವರ್ ಈ ಒಂದು ಪದದ ಮುಂದೆ ಒಂಬತ್ತು ತಿಂಗಳು ಕೂತಿದ್ದರು.

ಗಾಬರಿ ಬೇಡ. 645 ಅರ್ಥಗಳನ್ನು ಇಂಗ್ಲಿಷ್ ಮನೆಮಾತಾದವರೂ ಬಾಯಿಪಾಠ ಮಾಡಿರುವುದಿಲ್ಲ. ನಮಗೆ ಬೇಕಾದ್ದು ಅರ್ಥಗಳ ಪಟ್ಟಿಯಲ್ಲ. ಅರ್ಥ ಹುಡುಕುವ ಅಭ್ಯಾಸ.

ಮೊದಲ ಹೆಜ್ಜೆ: ತಡೆದುಕೊಳ್ಳಿ

ಕನ್ನಡದ ‘ಹೊಡೆ’ ಪದವನ್ನೇ ನೋಡಿ. ಬಣ್ಣ ಹೊಡೆಯುತ್ತೇವೆ, ಹರಟೆ ಹೊಡೆಯುತ್ತೇವೆ, ನಿದ್ದೆ ಹೊಡೆಯುತ್ತೇವೆ, ಕಣ್ಣು ಹೊಡೆಯುತ್ತೇವೆ. ಬಿಸಿಲು ಮುಖಕ್ಕೆ ಹೊಡೆಯುತ್ತದೆ. ಯಾರಿಗೂ ಏಟು ಬಿದ್ದಿಲ್ಲ. ಇದನ್ನು ನಮಗೆ ಯಾರೂ ಕೂರಿಸಿಕೊಂಡು ಹೇಳಿಕೊಡಲಿಲ್ಲ. ‘ನಿದ್ದೆ’ ಎಂದು ಕಿವಿಗೆ ಬಿದ್ದ ಮೇಲೆ ‘ಹೊಡೆ’ ಬಂತು, ಅರ್ಥವಾಯಿತು.

ಇಲ್ಲೇ ಒಂದು ಸೂಕ್ಷ್ಮವಿದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅಂದರೆ ಸುಳಿವು ಮೊದಲು, ಪದ ಆಮೇಲೆ. ಇಂಗ್ಲಿಷಿನಲ್ಲಿ ಕ್ರಿಯಾಪದ ನಡುವೆಯೇ ಬಂದುಬಿಡುತ್ತದೆ. ‘ಷಿ ರನ್ಸ್’ ಎಂದು ಕೇಳಿದ ಕೂಡಲೇ ತಲೆಯಲ್ಲಿ ಒಬ್ಬಾಕೆ ಓಡಲು ಶುರು ಮಾಡುತ್ತಾಳೆ. ‘ಎ ಸ್ಕೂಲ್’ ಬರುವಷ್ಟರಲ್ಲಿ ಅವಳು ಬಹಳ ದೂರ ಹೋಗಿರುತ್ತಾಳೆ. ಹಾಗಾಗಿ ‘ರನ್’ ಕಂಡರೆ ಆಗಲೇ ಅರ್ಥ ಕಟ್ಟಬೇಡಿ. ವಾಕ್ಯ ಮುಗಿಯಲಿ.

ಎರಡನೇ ಹೆಜ್ಜೆ: ಮೂರು ಬೀಗದ ಕೈ ಹಾಕಿ ನೋಡಿ

ವಾಕ್ಯ ಮುಗಿಯಿತು. ಈಗ ಕನ್ನಡದ ಮೂರು ಪದಗಳನ್ನು ಒಂದೊಂದಾಗಿ ಹಾಕಿ ನೋಡಿ: ಓಡು, ಹರಿ, ನಡೆ. ಇದು ನಾನೇ ಮಾಡಿಕೊಂಡ ಉಪಾಯ. ಯಾವ ವ್ಯಾಕರಣ ಪುಸ್ತಕದ್ದೂ ಅಲ್ಲ.

‘ಓಡು’ ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ದೂರ ಬರುತ್ತದೆ. ರೈಲು ಓಡುತ್ತದೆ. ಗಡಿಯಾರ ಹತ್ತು ನಿಮಿಷ ಮುಂದೆ ಓಡುತ್ತದೆ. ಸಿನಿಮಾ ನೂರು ದಿನ ಓಡುತ್ತದೆ. ಇಂಗ್ಲಿಷಿನಲ್ಲೂ ಇವೆಲ್ಲ ‘ರನ್’ ಆಗುತ್ತವೆ. ತಲೆ ಓಡುವುದು ಮಾತ್ರ ನಮ್ಮದೇ.

‘ಹರಿ’ ಇನ್ನೂ ಒಳ್ಳೆಯ ಕೈ. ‘ದ ರಿವರ್ ರನ್ಸ್’ ಅಂದರೆ ನದಿ ಹರಿಯುತ್ತದೆ. ಮೊದಲು ಕಂಡ ರಸ್ತೆಯೂ ಹಾಗೆಯೇ, ನದಿಯ ಉದ್ದಕ್ಕೂ ಹರಿದಂತೆ ಹಾದುಹೋಗುತ್ತದೆ. ‘ಟಿಯರ್ಸ್ ರ್ಯಾನ್ ಡೌನ್ ಹರ್ ಫೇಸ್’ ಅಂದರೆ ಕಣ್ಣೀರು ಹರಿಯಿತು. ‘ಇಟ್ ರನ್ಸ್ ಇನ್ ದ ಫ್ಯಾಮಿಲಿ’ ಅಂದರೆ ವಂಶದಲ್ಲಿ ಹರಿದು ಬಂದಿದೆ. ‘ದ ಟ್ರಕ್ ರ್ಯಾನ್ ಓವರ್ ಹಿಮ್’ ಎಂಬುದಕ್ಕೆ ನಮ್ಮ ಪತ್ರಿಕೆಗಳು ಏನು ಬರೆಯುತ್ತವೆ? ಲಾರಿ ಹರಿದು ಎಂದೇ. ಹುಡುಕಿ ತಂದ ಹಾಗೆ ಹೊಂದುತ್ತದೆ. ಮೂಗು ‘ರನ್’ ಆದರೆ ನಾವು ಸೋರುತ್ತಿದೆ ಅನ್ನುತ್ತೇವೆ, ಒಗೆದ ಬಟ್ಟೆಯ ಬಣ್ಣ ‘ರನ್’ ಆದರೆ ಬಣ್ಣ ಬಿಟ್ಟಿತು ಅನ್ನುತ್ತೇವೆ. ಪದ ಬೇರೆ, ಆದರೆ ಎರಡರಲ್ಲೂ ನೀರಿನ ಗುಣವೇ ಇದೆ.

ಇದು ಕಾಕತಾಳೀಯವಲ್ಲ. ಸಾವಿರ ವರ್ಷಕ್ಕೂ ಹಿಂದಿನ ಇಂಗ್ಲಿಷಿನಲ್ಲಿ ಈ ಪದದ ಹಳೆಯ ರೂಪ ‘ರಿನ್ನನ್’. ಓಡುವುದಕ್ಕೂ ಅದೇ, ಹರಿಯುವುದಕ್ಕೂ ಅದೇ. ಇಂಗ್ಲಿಷಿನ ದಾಯಾದಿ ಜರ್ಮನ್ ಭಾಷೆ ಎರಡನ್ನೂ ಬೇರೆ ಬೇರೆಯಾಗಿ ಉಳಿಸಿಕೊಂಡಿದೆ: ‘ರೆನ್ನೆನ್’ ಅಂದರೆ ಓಡು, ‘ರಿನ್ನೆನ್’ ಅಂದರೆ ಹರಿ, ಸೋರು. ಇಂಗ್ಲಿಷಿನಲ್ಲಿ ಎರಡೂ ಸೇರಿ ಒಂದೇ ‘ರನ್’ ಆಗಿದೆ. ಹಾಗಾಗಿ ಮೂಗು ಓಡುವುದು ಯಾರೋ ತಮಾಷೆಗೆ ಕಟ್ಟಿದ ಮಾತಲ್ಲ. ಅದು ಪದದ ಹುಟ್ಟುಗುಣ.

ಮೂರನೆಯದು ‘ನಡೆ’. ಶಾಲೆ, ಅಂಗಡಿ, ಸಂಘ, ಸರ್ಕಾರ ಇವನ್ನೆಲ್ಲ ಇಂಗ್ಲಿಷಿನವರು ಓಡಿಸುತ್ತಾರೆ, ನಾವು ನಡೆಸುತ್ತೇವೆ. ಅಷ್ಟೇ ವ್ಯತ್ಯಾಸ. ನಮಗೆ ಅವಸರ ಕಡಿಮೆ ಅಂತ ಬೇಕಾದರೆ ಅಂದುಕೊಳ್ಳಿ. ಚುನಾವಣೆಯಲ್ಲಂತೂ ಇದು ಇನ್ನೂ ಮಜಾ. ಅಮೆರಿಕದ ಅಭ್ಯರ್ಥಿ ‘ರನ್’ ಮಾಡುತ್ತಾನೆ, ಬ್ರಿಟನ್ನಿನ ಅಭ್ಯರ್ಥಿ ‘ಸ್ಟ್ಯಾಂಡ್’ ಮಾಡುತ್ತಾನೆ. ಅಲ್ಲಿ ಓಟ, ಇಲ್ಲಿ ನಿಲುವು. ನಾವು ಕೂಡ ಚುನಾವಣೆಗೆ ನಿಲ್ಲುತ್ತೇವೆಯೇ ಹೊರತು ಓಡುವುದಿಲ್ಲ.

ಯಾವ ಕೈಯೂ ಹಿಡಿಸದ ಬೀಗಗಳೂ ಇವೆ. ‘ರನ್ ಎ ಟೆಂಪರೇಚರ್’ ಅಂದರೆ ಜ್ವರ ಬಂದಿದೆ ಅಂತ. ‘ರನ್ ಎ ರಿಸ್ಕ್’ ಅಂದರೆ ಅಪಾಯಕ್ಕೆ ಒಡ್ಡಿಕೊಳ್ಳುವುದು. ‘ರನ್ನಿಂಗ್ ಲೇಟ್’ ಅಂದರೆ ತಡವಾಗುತ್ತಿದೆ. ಇಂಥವನ್ನು ಬಿಡಿಸಲು ಹೋಗಬೇಡಿ. ಇಡಿಯಾಗಿ ನೆನಪಿಟ್ಟುಕೊಳ್ಳಿ.

ಮೂರನೇ ಹೆಜ್ಜೆ: ‘ಇಸು’ ಎಲ್ಲಿ ಅಡಗಿದೆ ನೋಡಿ

ಶಾಲೆಯ ವಾಕ್ಯದಲ್ಲಿ ಎಡವಲು ಇನ್ನೊಂದು ಕಾರಣವಿದೆ. ಕನ್ನಡದಲ್ಲಿ ತಾನೇ ಮಾಡಿದರೆ ಓಡು, ಇನ್ನೊಂದರಿಂದ ಮಾಡಿಸಿದರೆ ಓಡಿಸು. ನಡೆ, ನಡೆಸು. ಹರಿ, ಹರಿಸು. ‘ಇಸು’ ಎಂಬ ಬಾಲ ಸೇರಿಸಿದರೆ ಆಯಿತು, ಗೊಂದಲವಿಲ್ಲ.

ಇಂಗ್ಲಿಷಿನ ‘ರನ್’ಗೆ ಅಂಥ ಬಾಲ ಇಲ್ಲ. ಓಡುವುದೂ ‘ರನ್’, ಓಡಿಸುವುದೂ ‘ರನ್’. ‘ದ ಮಷೀನ್ ರನ್ಸ್’ ಅಂದರೆ ಯಂತ್ರ ಓಡುತ್ತದೆ. ‘ಹಿ ರನ್ಸ್ ದ ಮಷೀನ್’ ಅಂದರೆ ಅವನು ಯಂತ್ರ ಓಡಿಸುತ್ತಾನೆ. ‘ದ ವಾಟರ್ ರನ್ಸ್’ ಅಂದರೆ ನೀರು ಹರಿಯುತ್ತದೆ. ‘ಷಿ ರ್ಯಾನ್ ಎ ಬಾತ್’ ಅಂದರೆ ಅವಳು ಸ್ನಾನದ ತೊಟ್ಟಿಗೆ ನೀರು ಹರಿಸಿದಳು. ಸ್ನಾನ ಮಾಡುತ್ತಾ ಓಡಲಿಲ್ಲ.

ಪರೀಕ್ಷೆ ಸುಲಭ. ‘ರನ್’ ಆದ ಮೇಲೆ ‘ಏನನ್ನು?’ ಎಂದು ಕೇಳಿ. ಉತ್ತರ ಸಿಕ್ಕರೆ ಸಾಮಾನ್ಯವಾಗಿ ‘ಇಸು’ ಹಾಕಬೇಕು. ಸಿಗದಿದ್ದರೆ ಬೇಡ. ‘ರನ್ ಎ ಪ್ರೋಗ್ರಾಂ’, ‘ರನ್ ಎ ಟೆಸ್ಟ್’, ‘ರನ್ ಎ ಕಂಪನಿ’ ಎಲ್ಲವೂ ಈ ಪ್ರಶ್ನೆಗೆ ಉತ್ತರ ಕೊಡುತ್ತವೆ. ‘ರನ್ ಎ ರೇಸ್’ ಮಾತ್ರ ತಂಟೆಕೋರ. ಏನನ್ನು ಎಂದರೆ ರೇಸನ್ನು, ಆದರೂ ಓಡುವವರು ನಾವೇ. ಇದರ ವಿಷಯ ಕೊನೆಯಲ್ಲಿ ನೋಡೋಣ.

ನಾಲ್ಕನೇ ಹೆಜ್ಜೆ: ಬೆನ್ನಿಗೆ ಬಂದ ಚಿಕ್ಕ ಪದ

ಔಟ್, ಇನ್‌ಟು, ಓವರ್, ಡೌನ್, ಅಪ್, ಬೈ. ಇವು ‘ರನ್’ ಪಕ್ಕ ನಿಂತರೆ ಇಬ್ಬರೂ ಸೇರಿ ಮೂರನೆಯವರಾಗುತ್ತಾರೆ.

‘ರನ್ ಔಟ್’ ನೋಡಿ. ಹಾಲು, ಹಣ, ಸಮಯ, ತಾಳ್ಮೆ ಯಾವುದೇ ‘ರನ್ ಔಟ್’ ಆದರೂ ತೀರಿತು ಎಂದರ್ಥ. ವೀಸಾ ‘ರನ್ ಔಟ್’ ಆದರೆ ಅವಧಿ ಮುಗಿಯಿತು. ಕ್ರಿಕೆಟ್ಟಿನದು ಬೇರೆಯೇ ಕಥೆ. ಅಲ್ಲಿ ಎರಡೂ ಪದ ತಮ್ಮ ತಮ್ಮ ಅರ್ಥದಲ್ಲೇ ಇವೆ: ರನ್ ಓಡುವಾಗ ಔಟ್. ಬ್ಯಾಟರ್ ‘ಈಸ್ ರನ್ ಔಟ್’ ಎಂದರೆ ಪೆವಿಲಿಯನ್ ದಾರಿ ಹಿಡಿದರು. ‘ಹ್ಯಾಸ್ ರನ್ ಔಟ್ ಆಫ್’ ಎಂದರೆ ಅವರ ಬಳಿ ಏನೋ ಖಾಲಿಯಾಗಿದೆ.

‘ರನ್ ಇನ್‌ಟು’ ಇನ್ನೂ ಚೆಲ್ಲಾಟ. ಗೋಡೆಗೆ ‘ರನ್ ಇನ್‌ಟು’ ಆದರೆ ಡಿಕ್ಕಿ. ಹಳೆಯ ಗೆಳೆಯನಿಗೆ ಆದರೆ ಅಚಾನಕ್ ಭೇಟಿ. ಖರ್ಚು ಲಕ್ಷಗಳಿಗೆ ‘ರನ್ ಇನ್‌ಟು’ ಆದರೆ ಲಕ್ಷ ಮುಟ್ಟಿತು. ಆಮೇಲೆ ಬರುವ ನಾಮಪದ ನೋಡದೆ ಹೇಳಲು ಆಗುವುದೇ ಇಲ್ಲ.

‘ಓವರ್’ ಜೊತೆ ತೊಟ್ಟಿಯ ನೀರು ತುಂಬಿ ಹೊರಚೆಲ್ಲುತ್ತದೆ, ಸಭೆ ಹೇಳಿದ ಸಮಯ ದಾಟುತ್ತದೆ. ನೋಟ್ಸ್ ಮೇಲೆ ‘ರನ್ ಓವರ್’ ಮಾಡಿದರೆ ಒಮ್ಮೆ ಕಣ್ಣು ಹಾಯಿಸಿದಂತೆ. ‘ಡೌನ್’ ಬಂದರೆ ಬ್ಯಾಟರಿ ಇಳಿಯುತ್ತದೆ, ಮನುಷ್ಯನಾದರೆ ದಣಿದು ಸೊರಗುತ್ತಾನೆ. ಯಾರನ್ನಾದರೂ ‘ರನ್ ಡೌನ್’ ಮಾಡುವುದು ಎಂದರೆ ಹೀಗಳೆಯುವುದೂ ಹೌದು, ವಾಹನ ಗುದ್ದುವುದೂ ಹೌದು. ‘ಅಪ್’ ಬಂದರೆ ಸಾಲ ಬೆಳೆಯುತ್ತದೆ.

‘ಬೈ’ ವಿಷಯದಲ್ಲಿ ನನಗೇ ಪೆಟ್ಟು ಬಿದ್ದಿದೆ. ಕೆಲಸಕ್ಕೆ ಸೇರಿದ ಹೊಸತು. ‘ರನ್ ಇಟ್ ಬೈ ಮಿ ಫಸ್ಟ್’ ಎಂದು ಮೇಲಿನವರಿಂದ ಮೇಲ್ ಬಂತು. ‘ರನ್’ ಇದೆ, ‘ಫಸ್ಟ್’ ಇದೆ, ಬೇಗ ಕಳಿಸು ಎಂದಿರಬೇಕು ಅಂದುಕೊಂಡೆ. ಕಳಿಸಿಯೂಬಿಟ್ಟೆ, ನೇರವಾಗಿ ಗ್ರಾಹಕರಿಗೆ. ಅವರು ಹೇಳಿದ್ದು ‘ಮೊದಲು ನನಗೊಮ್ಮೆ ತೋರಿಸು’ ಅಂತ. ಆ ಮಧ್ಯಾಹ್ನ ಹೇಗೆ ಕಳೆಯಿತು ಎಂದು ಇಲ್ಲಿ ಬರೆಯುವುದು ಬೇಡ.

ಐದನೇ ಹೆಜ್ಜೆ: ‘ರನ್’ಗೆ ಮೊದಲು ‘ಎ’ ಅಥವಾ ‘ದ’ ಇದೆಯೇ?

ಇದ್ದು, ಅದು ‘ರನ್’ಗೇ ಸೇರಿದ್ದರೆ ‘ರನ್’ ಅಲ್ಲಿ ನಾಮಪದ. ನಡುವೆ ಇನ್ನೊಂದು ಪದ ಬಂದು ಆ ‘ರನ್’ ಎಂಥದ್ದು ಎಂದು ಹೇಳಿದರೂ ಸರಿಯೇ. ‘ಎ ಡ್ರೈ ರನ್’ ಅಂದರೆ ಮುಂಚಿತ ಅಭ್ಯಾಸ. ‘ಇನ್ ದ ಲಾಂಗ್ ರನ್’ ಅಂದರೆ ದೂರದ ಲೆಕ್ಕದಲ್ಲಿ. ‘ಎ ರನ್ ಆನ್ ದ ಬ್ಯಾಂಕ್’ ಅಂದರೆ ದುಡ್ಡು ಮುಳುಗೀತು ಎಂಬ ಭಯಕ್ಕೆ ಜನರೆಲ್ಲ ಒಮ್ಮೆಗೇ ಹಣ ತೆಗೆಯಲು ಮುಗಿಬೀಳುವುದು. ‘ಎ ಪ್ರಿಂಟ್ ರನ್’ ಅಂದರೆ ಒಂದು ಸಲಕ್ಕೆ ಅಚ್ಚು ಹಾಕಿದ ಪ್ರತಿಗಳು. ಕ್ರಿಕೆಟ್ ರನ್ ಹೇಳಬೇಕಿಲ್ಲ.

ಆರನೇ ಹೆಜ್ಜೆ: ನಿಘಂಟನ್ನು ಸರಿಯಾಗಿ ತೆರೆಯಿರಿ

ಬಹಳ ಜನ ಮೊದಲ ಅರ್ಥ ಓದಿ ಮುಚ್ಚಿಬಿಡುತ್ತಾರೆ. ಎಲ್ಲ ನಿಘಂಟುಗಳ ಮೊದಲ ಅರ್ಥ ಒಂದೇ ಲೆಕ್ಕದ್ದಲ್ಲ. ದೊಡ್ಡ ಆಕ್ಸ್‌ಫರ್ಡ್ ನಿಘಂಟು ಪದದ ಚರಿತ್ರೆ ಹೇಳುವಂಥದ್ದು. ಅದರಲ್ಲಿ ಹಳೆಯ ಅರ್ಥ ಮೊದಲು. ಮೆರಿಯಂ ವೆಬ್‌ಸ್ಟರ್ ಕೂಡ ಹೆಚ್ಚುಕಡಿಮೆ ಅದೇ ದಾರಿ. ಕಲಿಯುವವರಿಗಾಗಿ ಮಾಡಿದ ನಿಘಂಟುಗಳು ಹೆಚ್ಚು ಬಳಕೆಯ ಅರ್ಥವನ್ನು ಮೊದಲು ಇಡುತ್ತವೆ. ನಮಗೆ ಬೇಕಾದ್ದು ಎರಡನೆಯ ಬಗೆ. 1987ರಲ್ಲಿ ಬಂದ ಕೋಬಿಲ್ಡ್ ನಿಘಂಟು ಅರ್ಥವನ್ನೇ ಪೂರ್ತಿ ವಾಕ್ಯದಲ್ಲಿ ಹೇಳುವ ಪದ್ಧತಿ ತಂದಿತು. ನನಗೆ ಅದೇ ಹೆಚ್ಚು ಇಷ್ಟ. ಪದದ ಅಕ್ಕಪಕ್ಕ ಯಾರು ನಿಲ್ಲುತ್ತಾರೆ ಎಂಬುದು ಅರ್ಥದ ಜೊತೆಗೇ ಸಿಗುತ್ತದೆ.

ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದಾದರೆ ‘ರನ್ = ನಡೆಸು’ ಎಂದು ಬರೆಯಬೇಡಿ. ನಾಳೆ ಅದು ಉಪಯೋಗಕ್ಕೆ ಬರುವುದಿಲ್ಲ. ನೀವು ಕಂಡ ವಾಕ್ಯವನ್ನೇ ಇಡಿಯಾಗಿ ಬರೆಯಿರಿ. ಹಾಗೆಯೇ ಸುಮ್ನೆ ಒಂದು ಮಾತು: ಮೂರನೇ ರೂಪ ಮತ್ತೆ ‘ರನ್’. ‘ಹ್ಯಾವ್ ರ್ಯಾನ್’ ತಪ್ಪು.

ಎರಡು ಅರ್ಥ ಒಂದೆಯೋ ಬೇರೆಯೋ ಎಂಬ ಅನುಮಾನ ಬಂದರೆ, ಎರಡನ್ನೂ ಒಂದೇ ಕ್ರಿಯಾಪದಕ್ಕೆ ಕಟ್ಟಿ. ‘ಅವನು ಗಂಟೆಯನ್ನೂ ನಿದ್ದೆಯನ್ನೂ ಹೊಡೆದ.’ ನಗು ಬಂತು, ಅಂದರೆ ಅರ್ಥ ಬೇರೆ. ‘ದ ಬಾಯ್ ಅಂಡ್ ಹಿಸ್ ನೋಸ್ ಆರ್ ರನ್ನಿಂಗ್’ ಕೂಡ ಹಾಗೆಯೇ. ಭಾಷಾ ವಿಜ್ಞಾನಿಗಳೂ ಇಂಥದ್ದೇ ಪರೀಕ್ಷೆ ಮಾಡುತ್ತಾರೆ.

ಈಗ ಆ ರೇಸಿನ ವಿಷಯ. ‘ಷಿ ರನ್ಸ್ ದ ಸಿಟಿ ಮ್ಯಾರಥಾನ್ ಎವೆರಿ ಇಯರ್.’ ವಾಕ್ಯ ಮುಗಿಯಿತು. ಏನನ್ನು ಎಂದು ಕೇಳಿದಿರಿ, ಮ್ಯಾರಥಾನನ್ನು ಎಂದು ಉತ್ತರ ಬಂತು. ಬೆನ್ನಿಗೆ ಚಿಕ್ಕ ಪದವೇನೂ ಇಲ್ಲ. ಆಕೆ ಓಡುತ್ತಾಳೋ, ನಡೆಸುತ್ತಾಳೋ? ಈ ಒಂದು ವಾಕ್ಯದಿಂದ ಹೇಳಲು ಇಂಗ್ಲಿಷಿನವರಿಗೂ ಆಗದು. ಮುಂದಿನ ವಾಕ್ಯಕ್ಕೆ ಹೋಗಿ. ಅಲ್ಲಿ ಮಂಡಿನೋವು ಬಂದರೆ ಓಡುತ್ತಾಳೆ. ಪ್ರಾಯೋಜಕರು ಬಂದರೆ ನಡೆಸುತ್ತಾಳೆ.